ಊರಿಗೊಂದು ಕಾವಲು



ಕಾಲೇಜು ಆರಂಭವಾದಾಗ ಹಳೆಯ ಪುಸ್ತಕಗಳನ್ನು ಅರಸಿ ನೀವು ಬೆಂಗಳೂರಿನ ಅವೆನ್ಯೂ ರಸ್ತೆಗೆ ಬರುತ್ತೀರಿ. 2019ರ ಜನವರಿಯಲ್ಲಿ ಹಳ್ಳಿಗಳ ಸಾವಿರಾರು ಹೆಣ್ಣುಮಕ್ಕಳು ಬೇರೊಂದು ಬೇಡಿಕೆ ಹೊತ್ತು ಇದೇ ನಗರಕ್ಕೆ ಬಂದರು. ಚಿತ್ರದುರ್ಗದಿಂದ ಸುಮಾರು 200 ಕಿಲೋಮೀಟರ್ ನಡೆದು, ಗಾಂಧೀಜಿ ಹುತಾತ್ಮರಾದ ದಿನವಾದ ಜನವರಿ 30ರಂದು ರಾಜಧಾನಿ ತಲುಪಿದರು. ಅವರು ಕೇಳಿದ್ದು ಮದ್ಯನಿಷೇಧ.

ರಾಜ್ಯದಲ್ಲಿ ಸಾರಾಯಿ 2007ರ ಜುಲೈ 1ರಿಂದಲೇ ನಿಷಿದ್ಧ. ಆದರೂ ಹಳ್ಳಿಯ ಗೂಡಂಗಡಿಗಳಲ್ಲಿ ಪರವಾನಗಿಯಿಲ್ಲದೆ ಮದ್ಯ ಸಿಗುತ್ತದೆಂಬುದು ಅವರ ದೂರು. ಕೂಲಿಯ ಹಣ ಅಲ್ಲಿಗೆ ಸೋರಿದರೆ ಮನೆಯ ಮಕ್ಕಳ ಓದು ನಿಲ್ಲುತ್ತದೆ.

ಕಾನೂನು ಇದ್ದರೆ ಸಾಲದು, ಅದನ್ನು ಊರೂರಿಗೆ ಮುಟ್ಟಿಸುವ ಕೈಗಳು ಬೇಕು. ಹತ್ತಾರು ಹಳ್ಳಿಗಳಿಗೆ ಒಂದೇ ಠಾಣೆಯಿರುವಲ್ಲಿ ಹೆಚ್ಚು ಪೊಲೀಸರನ್ನು ಕೇಳುವುದು ನ್ಯಾಯವೇ. ಗಾಂಜಾದಂಥ ಮಾದಕ ವಸ್ತುಗಳಿಗೂ ಇದೇ ಮಾತು. 1985ರ ಕೇಂದ್ರ ಕಾಯಿದೆ ಅವುಗಳನ್ನು ಮಾರುವವರಿಗೆ ಕಠಿಣ ಶಿಕ್ಷೆ ವಿಧಿಸುತ್ತದೆ. ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ವಿನಾಯಿತಿಯ ಅವಕಾಶವನ್ನೂ ಇಟ್ಟಿದೆ.

ಆದರೆ ಪೊಲೀಸರ ಕಣ್ಣಿಗಿಂತ ಮೊದಲು ಊರಿನ ಕಣ್ಣಿಗೆ ಎಲ್ಲವೂ ಬೀಳುತ್ತದೆ. ಮಾರಾಟ ಕಂಡರೆ ಸುಮ್ಮನಿರಬೇಡಿ. ಹಿರಿಯರಿಗೆ ತಿಳಿಸಿ, 112ಕ್ಕೆ ಕರೆ ಮಾಡಿ. ಬಲೆಗೆ ಬಿದ್ದ ಗೆಳೆಯನನ್ನು ದೂರ ಮಾಡದೆ ವೈದ್ಯರ ಬಳಿಗೆ ಕರೆದೊಯ್ಯಿರಿ.