ಫಕ್ಕೀರಪ್ಪ ಎಂಬ ಹೆಸರು

ರೋಣ ತಾಲೂಕಿನ ಮೆಣಸಗಿಯ ಸುತ್ತಲಿನ ಊರುಗಳಿಂದ ಈ ಲಗ್ನದ ದಿನಗಳಲ್ಲಿ ಬರುವ ಪತ್ರಿಕೆಗಳಲ್ಲಿ ಫಕ್ಕೀರಪ್ಪ, ಫಕ್ಕೀರವ್ವ ಎಂಬ ಹೆಸರುಗಳು ಹರಸುವ ಹಿರಿಯರ ಸಾಲಿನಲ್ಲಿ ಕಾಣುವಷ್ಟು ವಧೂವರರ ಸಾಲಿನಲ್ಲಿ ಕಾಣುವುದಿಲ್ಲ. ಆಡುಮಾತಿನಲ್ಲಿ ಪಕ್ಕೀರಪ್ಪ ಎಂದು ಮೆತ್ತಗಾಗುವ ಈ ಹೆಸರಿನ ಮೊದಲ ಭಾಗ, ಬಡತನವನ್ನು ಸೂಚಿಸುವ ಅರಬ್ಬಿ ಮೂಲದಿಂದ ಬಂದು ಲೌಕಿಕವನ್ನು ತೊರೆದ ಸೂಫಿ ಸಾಧಕನಿಗೆ ಸಲ್ಲುವ ಪದ. ಎರಡನೆಯದು ಕನ್ನಡದ ಅಪ್ಪ.

ಇವೆರಡನ್ನು ಈ ನಾಡಿನ ಮನೆಮನೆಗಳಲ್ಲಿ ಬೆಸೆದದ್ದು ಗದಗ ಜಿಲ್ಲೆಯದೇ ಆದ ಶಿರಹಟ್ಟಿಯ ಫಕ್ಕೀರೇಶ್ವರ ಮಠದ ಮೇಲಿನ ಭಕ್ತಿ. ಫಕ್ಕೀರೇಶ್ವರರೆಂದೇ ಹೆಸರಾದ, ಮಠದ ಮೂಲಪುರುಷರಾದ ಚನ್ನವೀರರು ವಿಜಯಪುರದ ಸೂಫಿ ಸಂತ ಖ್ವಾಜಾ ಅಮೀನುದ್ದೀನರ ಆಶೀರ್ವಾದದಿಂದ ಹುಟ್ಟಿದವರೆಂದು ಐತಿಹ್ಯ ಹೇಳುತ್ತದೆ. ಆ ಕಥೆಯ ಕಾಲ, ವಿವರಗಳನ್ನು ಇತಿಹಾಸಕಾರರು ತೂಗಲಿ. ಮಕ್ಕಳಿಲ್ಲದ ದಂಪತಿಗಳು ಶಿರಹಟ್ಟಿಗೆ ಹರಕೆ ಹೊತ್ತು, ಹುಟ್ಟಿದ ಕೂಸಿಗೆ ಮಠದ ಅಜ್ಜನ ಹೆಸರನ್ನೇ ಇಟ್ಟು, ಅದು ಯಾವ ಧರ್ಮದ ಪದವೆಂದು ವಿಚಾರಿಸದೆ ತೊಟ್ಟಿಲು ತೂಗಿದ್ದೇ ಸಾಕಷ್ಟು ದೊಡ್ಡ ಸಂಗತಿ.

ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮುಂದಿನ ಕೂಸಿಗೆ ತಿರುಕನ ಹೆಸರಿನಿಂದ ತಿರಕಪ್ಪ ಎಂದೋ, ತಿಪ್ಪೆಯ ಹೆಸರಿನಿಂದ ತಿಪ್ಪಣ್ಣ ಎಂದೋ ಕರೆದು, ಸಾವಿನ ಕಣ್ಣು ಅದರ ಮೇಲೆ ಬೀಳದಿರಲೆಂದು ಬಯಸುವ ಪದ್ಧತಿಯೂ ಇದೇ ಸೀಮೆಯದು. ಫಕ್ಕೀರಪ್ಪನಲ್ಲಿಯೂ ಬಡತನವಿದೆ, ಆದರೆ ಅದು ಮರೆಮಾಡುವ ಬಡತನವಲ್ಲ, ಪೂಜ್ಯವಾದ ಬಡತನ.

ದೂರದ ಐರ್ಲೆಂಡಿನಲ್ಲಿ ಹಿಂದೆ ಸಂತ ಪ್ಯಾಟ್ರಿಕರ ಹೆಸರನ್ನು ನೇರವಾಗಿ ಮಗುವಿಗಿಡಲು ಜನ ಹಿಂಜರಿದು, ಸೇವಕ ಎಂಬರ್ಥದ ‘ಗಿಲ್ಲಾ’ ಪದವನ್ನು ಮುಂದೆ ಸೇರಿಸಿ, ಪ್ಯಾಟ್ರಿಕರ ಸೇವಕ ಎಂಬ ಹೆಸರನ್ನು ಕಟ್ಟಿಕೊಂಡಿದ್ದರು. ಉತ್ತರ ಕರ್ನಾಟಕದ ಭಕ್ತಿ ಅಂಥ ಅಂತರವನ್ನು ಬಯಸದೆ, ಸಂತನನ್ನೇ ಕೂಸಿನಲ್ಲಿ ಕರೆದು ಅಪ್ಪ ಎಂದಿತು.

ಆದರೂ ಇಲ್ಲಿ ಹಿಂಜರಿಕೆ ಬೇರೆ ಬಾಗಿಲಿನಿಂದ ಬರುತ್ತದೆ. ಮಾವನ ಹೆಸರನ್ನು ಮಗನಿಗಿಟ್ಟ ಸೊಸೆ, ಹಿರಿಯರ ಹೆಸರನ್ನು ಬಾಯಲ್ಲಿ ಹೇಳಬಾರದೆಂಬ ರೂಢಿಯಿಂದ, ಆ ಹುಡುಗನನ್ನು ಬಯ್ಯುವಾಗಲೂ ಮುದ್ದಿಸುವಾಗಲೂ ಬೇರೊಂದು ಮನೆಹೆಸರಿನಿಂದ ಕರೆಯುತ್ತಿದ್ದುದರಿಂದ, ಫಕ್ಕೀರಪ್ಪನೆಂಬ ಹೆಸರು ಎಷ್ಟೋ ಮಕ್ಕಳ ಕಿವಿಗೆ ಮೊದಲು ಬಿದ್ದದ್ದು ಶಾಲೆಯ ಹಾಜರಿಯ ಹೊತ್ತಿನಲ್ಲಿಯೇ ಇರಬೇಕು.