ಅಭಯಾರಣ್ಯವೆಂಬ ಶಬ್ದ



ಜಾಂಬೋಟಿಯ ನೆರೆಯ ಭೀಮಗಡದ ಕಾಡು ಸನ್ 2011ರಿಂದ ಅಭಯಾರಣ್ಯವೆನಿಸಿರುವದು. ಮಠದ ಮಾತಿನಲ್ಲಿ ಅಭಯಹಸ್ತವೆಂದರೆ ಶರಣುಬಂದವನು ಇದ್ದಲ್ಲಿಯೇ ನಿರ್ಭಯನಾಗುವದು. ಕಾಡಿನ ಅಭಯವು ಯಾರಿಗೆ?

ಗಡವು ಮರಾಠರ ದಂಡಿಗೆ ಆಶ್ರಯವಾಗಿದ್ದಿತು. ತರುವಾಯ ಆಂಗ್ಲರ 1878ರ ಕಾಯಿದೆಯು ‘ಮೀಸಲು’, ‘ರಕ್ಷಿತ’ ಎಂದು ಅರಣ್ಯಗಳನ್ನು ಬೇರ್ಪಡಿಸಿತು. ಮೀಸಲಿನಲ್ಲಿ ಅಪ್ಪಣೆಯಿಲ್ಲದ್ದೆಲ್ಲ ನಿಷಿದ್ಧ; ರಕ್ಷಿತದಲ್ಲಿ ನಿಷೇಧಿಸದ್ದೆಲ್ಲ ಸಮ್ಮತ. ಕೇಳುವ ಕಿವಿಗೆ ಎರಡೂ ಕಾಪಾಡುವ ಮಾತೇ. ಕಟ್ಟಿಗೆಗೆ ಹೋದ ಬಡವನಿಗೆ ಮಾತ್ರ ಅಂತರವು ತಿಳಿಯುತ್ತಿದ್ದಿತು. ಅಲ್ಲಿ ಕಾಯಲ್ಪಟ್ಟುದು ಮುಖ್ಯವಾಗಿ ಸರಕಾರದ ಮರಮಟ್ಟು.

1972ರ ವನ್ಯಜೀವಿ ಕಾಯಿದೆಯಿಂದ ಅಭಯವು ಮೃಗಪಕ್ಷಿಗಳ ಪಾಲಿಗೆ ಬಂದಿತು. ಬಾರಾಪೇಡೆಯ ಗವಿಯಲ್ಲಿರುವ ಅತಿ ವಿರಳವಾದ ಬಾವಲಿಗೆ (ರಾಟನ್ ಎಂಬ ಆಂಗ್ಲನ ಹೆಸರು ಅದಕ್ಕೆ ಅಂಟಿರುವದು, ಬಾವಲಿಗೆ ಅದರ ಹಂಗಿಲ್ಲ) ಅದು ಸಲ್ಲತಕ್ಕುದೇ ಸರಿ. ಆದರೆ ತಳೇವಾಡಿ, ಗವಾಳಿ, ಆಮಗಾಂವ ಮೊದಲಾದ ಹಳ್ಳಿಗಳೂ ಆ ಸೀಮೆಯೊಳಗೇ ಇರುವವು. ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ಅಲ್ಲಿಯವರು ರೋಗಿಯನ್ನು ಹೊತ್ತುಕೊಂಡೇ ಹೊರಗೆ ಬರಬೇಕು. ದಾರಿ, ಸೇತುವೆಗಳನ್ನು ಬೇಡಿದರೆ ಅರಣ್ಯದ ನಿಯಮವು ಅಡ್ಡಬರುವದು. ಊರು ಬಿಟ್ಟರೆ ಪರಿಹಾರಧನವುಂಟು. ಬಾವಲಿಗೆ ‘ಇರು’ ಎಂದ ಶಬ್ದವು ಒಕ್ಕಲಿಗನಿಗೆ ‘ಹೊರಡು’ ಎಂದು ಕೇಳಿಸಿದರೆ ಅವನನ್ನು ಹಳಿಯಲಾಗದು. ಸನ್ 2025ರಲ್ಲಿ ತಳೇವಾಡಿಯ ಮನೆತನಗಳು ಪರಿಹಾರಧನವನ್ನು ಪಡೆದು ಹೊರಡಲು ಒಪ್ಪಿದವು.