ಮುಂಬೈಗೆ ಮನೆಮಂದಿ ಜೊತೆ ಹೊರಟಿದ್ದೀರಾ? ಫೋಟೋಗೆ ಜಾಗ ಹುಡುಕೋ ಮೊದಲು ಸೂರ್ಯ ಎಲ್ಲಿದ್ದಾನೆ ನೋಡಿ



ಕಳೆದ ವಾರ ದಾವಣಗೆರೆಯಿಂದ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದರು. ಡಿಸೆಂಬರ್ ರಜೆಯಲ್ಲಿ ನಾಲ್ಕು ದಿನ ಮುಂಬೈಗೆ ಹೋಗ್ತಿದ್ದಾರಂತೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಮಂಡಿನೋವಿರುವ ಅಮ್ಮ. ಹೊಸ ಕ್ಯಾಮೆರಾ ತಗೊಂಡಿದ್ದಾರೆ, ಫೋಟೋಗೆ ಒಳ್ಳೆಯ ಹತ್ತು ಜಾಗ ಹೇಳಿ ಅಂತ ಕೇಳಿದ್ದಾರೆ. ಕೊನೆಗೆ ಸ್ವಲ್ಪ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದ್ದಾರೆ. ಹೋದ ಸಲ ಹೈದರಾಬಾದಿಗೆ ಹೋದಾಗ ಇವರು ಫೋಟೋ ತೆಗೀತಾ ನಿಂತುಬಿಟ್ಟಿದ್ದಕ್ಕೆ ಚಾರ್ಮಿನಾರ್ ಎದುರೇ ಮನೆಯವರೆಲ್ಲ ಮುನಿಸಿಕೊಂಡಿದ್ದರಂತೆ.

ನನಗೆ ಅನ್ನಿಸೋದು, ಅವರ ನಿಜವಾದ ಪ್ರಶ್ನೆ ಈ ಎರಡನೇದು. ಹತ್ತು ಜಾಗದ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತೆ. ಆದರೆ ಆ ಹತ್ತು ಜಾಗಕ್ಕೆ ತಪ್ಪು ಹೊತ್ತಿಗೆ ಹೋದರೆ ಒಳ್ಳೆಯ ಫೋಟೋ ಒಂದೂ ಬರಲ್ಲ, ಮನೆಯವರ ತಾಳ್ಮೆಯೂ ಉಳಿಯಲ್ಲ. ಹಾಗಾಗಿ ಇವತ್ತು ಜಾಗ ಕಡಿಮೆ ಹೇಳ್ತೀನಿ, ಹೊತ್ತು ಜಾಸ್ತಿ ಹೇಳ್ತೀನಿ.

ಮುಂಬೈ ನಕ್ಷೆ ಒಮ್ಮೆ ತೆಗೆದು ನೋಡಿ. ದಕ್ಷಿಣ ಮುಂಬೈ ಅಂದರೆ ಕಡಲಿಗೆ ಚಾಚಿದ ಸಣ್ಣ ನಾಲಿಗೆ ಇದ್ದ ಹಾಗೆ. ಪೂರ್ವಕ್ಕೆ ಬಂದರು, ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಎರಡು ದಡದ ನಡುವೆ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷ. ಅಂದರೆ ಒಂದೇ ಊರಿನಲ್ಲಿ ಕಡಲ ಮೇಲೆ ಸೂರ್ಯ ಹುಟ್ಟೋದನ್ನೂ ನೋಡಬಹುದು, ಮುಳುಗೋದನ್ನೂ ನೋಡಬಹುದು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯೋದಯ ಹೆಚ್ಚುಕಡಿಮೆ ಏಳು ಗಂಟೆ ದಾಟಿದ ಮೇಲೆ, ಸೂರ್ಯಾಸ್ತ ಆರು ಗಂಟೆ ಆಸುಪಾಸು. ಮಕ್ಕಳಿರೋ ಮನೆಗೆ ಇದು ವರ. ಬೇಸಿಗೆಯಲ್ಲಾದರೆ ಐದು ಗಂಟೆಗೇ ಎಬ್ಬಿಸಬೇಕಾಗ್ತಿತ್ತು.

ಈಗ ಗೇಟ್‌ವೇ ಆಫ್ ಇಂಡಿಯಾ ತಗೊಳ್ಳಿ. ಎಲ್ಲರೂ ಹೋಗೋ ಜಾಗ, ಎಲ್ಲರೂ ಹನ್ನೊಂದು ಗಂಟೆಗೆ ಹೋಗೋ ಜಾಗ. ತಲೆ ಮೇಲೆ ಬಿಸಿಲು, ಸುತ್ತ ಜನಜಂಗುಳಿ, ಮುಖದ ಮೇಲೆ ಕಣ್ಣಿನ ಕೆಳಗೆಲ್ಲ ಕಪ್ಪು ನೆರಳು. 1924ರಲ್ಲಿ ಕಟ್ಟಿ ಮುಗಿದ ಆ ಕಮಾನು ಬಂದರಿಗೆ, ಅಂದರೆ ಪೂರ್ವಕ್ಕೆ ಮುಖ ಮಾಡಿದೆ. ಬೆಳಗ್ಗೆ ನೀವು ದಡದ ಮೇಲೆ ನಿಂತರೆ ಸೂರ್ಯ ಕಮಾನಿನ ಹಿಂದಿನಿಂದ ಬರ್ತಾನೆ, ಕಮಾನು ಕಪ್ಪಗೆ ಕಾಣುತ್ತೆ. ಅದೂ ಚೆಂದವೇ, ಪಾರಿವಾಳ ಎದ್ದರಂತೂ ಇನ್ನೂ ಚೆಂದ. ಆದರೆ ಮಕ್ಕಳನ್ನ ಅದರ ಮುಂದೆ ನಿಲ್ಲಿಸಿದರೆ ಮುಖ ಕಾಣಲ್ಲ. ಆಗ ಏನ್ಮಾಡ್ಬೇಕು? ಹಿಂದಕ್ಕೆ ತಿರುಗಬೇಕು, ಅಷ್ಟೇ. ಹಿಂದೆ ಇರೋದು 1903ರ ತಾಜ್ ಹೋಟೆಲ್. ಅದೂ ಕಡಲಿಗೆ ಮುಖ ಮಾಡಿರೋದರಿಂದ ಮೊದಲ ಬಿಸಿಲು ಪೂರ್ತಿ ಅದರ ಮೇಲೆ ಬೀಳುತ್ತೆ. ಮನೆಯವರ ಮುಖದ ಮೇಲೂ ಅದೇ ಹೊಂಬಿಸಿಲು. ಎಲ್ಲರೂ ಗೇಟ್‌ವೇ ಕಡೆ ಕ್ಯಾಮೆರಾ ಹಿಡಿದಿರ್ತಾರೆ, ಒಳ್ಳೆಯ ಫೋಟೋ ಅವರ ಬೆನ್ನ ಹಿಂದೆ ಇರುತ್ತೆ.

ಹಾಗಾದರೆ ಗೇಟ್‌ವೇ ಮೇಲೆ ಬಿಸಿಲು ಬಿದ್ದ ಫೋಟೋ ಬೇಡವಾ? ಬೇಕು. ಅದಕ್ಕೆ ದೋಣಿ ಹತ್ತಬೇಕು. ಎಲಿಫೆಂಟಾ ದ್ವೀಪಕ್ಕೆ ಹೋಗೋ ದೋಣಿಗಳು ಗೇಟ್‌ವೇಯಿಂದಲೇ ಹೊರಡ್ತವೆ, ಬೆಳಗ್ಗೆ ಒಂಬತ್ತರ ಹೊತ್ತಿಗೆ ಶುರು. ಎಲ್ಲರೂ ಮುಂದಿನ ಸೀಟಿಗೆ ಓಡ್ತಾರೆ. ನೀವು ಹಿಂದೆ ಕೂತ್ಕೊಳ್ಳಿ. ದೋಣಿ ದಡ ಬಿಟ್ಟ ಮೊದಲ ಹತ್ತು ನಿಮಿಷ ಗೇಟ್‌ವೇ ಮತ್ತು ತಾಜ್ ಎರಡೂ ಒಂದೇ ಚೌಕಟ್ಟಿನಲ್ಲಿ, ಎದುರು ಬಿಸಿಲಿನಲ್ಲಿ ಬೆಳಗ್ತಾ ಕಾಣ್ತವೆ. ಚಳಿಗಾಲದಲ್ಲಿ ಕಡಲಹಕ್ಕಿಗಳು ದೋಣಿ ಬೆನ್ನು ಹತ್ತಿ ಬರ್ತವೆ, ಮಕ್ಕಳಿಗೆ ಅದಕ್ಕಿಂತ ದೊಡ್ಡ ಖುಷಿ ಬೇಡ. ಒಂದು ಎಚ್ಚರ. ದಾರಿಯಲ್ಲಿ ನೌಕಾಪಡೆಯ ಹಡಗುಗಳು ಕಾಣ್ತವೆ, ಅತ್ತ ಕ್ಯಾಮೆರಾ ತಿರುಗಿಸ್ಬೇಡಿ. ಡ್ರೋನ್ ಇದ್ದರೆ ಅದನ್ನ ದಾವಣಗೆರೆಯಲ್ಲೇ ಬಿಟ್ಟು ಹೋಗಿ.

ಎಲಿಫೆಂಟಾಗೆ ಹೋಗಿ ಬರೋದು ಅರ್ಧ ದಿನದ ಕೆಲಸ. ದೋಣಿಯೇ ಹೋಗೋಕೆ ಒಂದು ಗಂಟೆ. ದಡದಿಂದ ಪುಟಾಣಿ ರೈಲು ಇದೆ, ಆದರೆ ಗುಹೆಗೆ ನೂರಿಪ್ಪತ್ತರಷ್ಟು ಮೆಟ್ಟಿಲು ಹತ್ತಬೇಕು. ಅಮ್ಮನಿಗೆ ಮಂಡಿನೋವು ಅಂದ್ರಲ್ಲ, ಅಲ್ಲಿ ಕುರ್ಚಿ ಡೋಲಿ ಸಿಗುತ್ತೆ. ಹೋಗೋ ಮುಂಚೆಯೇ ಅಮ್ಮನನ್ನ ಕೇಳಿ. ಕೆಲವು ಹಿರಿಯರಿಗೆ ಇನ್ನೊಬ್ಬರ ಹೆಗಲ ಮೇಲೆ ಕೂತು ಹೋಗೋದು ಮನಸ್ಸಿಗೆ ಬರಲ್ಲ, ಬಾಯಿ ಬಿಟ್ಟು ಹೇಳೋದೂ ಇಲ್ಲ. ಅವರು ಬೇಡ ಅಂದರೆ ದೋಣಿ ಸವಾರಿ ಮಾತ್ರ ಸಾಕು, ಗೇಟ್‌ವೇಯಿಂದಲೇ ಬಂದರಿನಲ್ಲಿ ಒಂದು ಸುತ್ತು ಹಾಕಿಸೋ ದೋಣಿಗಳೂ ಇವೆ. ಗುಹೆಗೆ ಹೋದರೆ ಒಂದು ವಿಷಯ ನೆನಪಿರಲಿ, ಒಳಗೆ ಕತ್ತಲೆ ಜಾಸ್ತಿ. ಮೂರು ಮುಖದ ಆ ದೊಡ್ಡ ಸದಾಶಿವನ ಎದುರು ಕ್ಯಾಮೆರಾ ಸೆಟ್ಟಿಂಗ್ ಜೊತೆ ಹೋರಾಡೋದಕ್ಕಿಂತ, ಕಂಬಕ್ಕೆ ಒರಗಿ ಕೈ ಅಲುಗಾಡದ ಹಾಗೆ ಎರಡು ಫೋಟೋ ತೆಗೆದು, ಆಮೇಲೆ ಕಣ್ಣಿನಿಂದ ನೋಡಿ. ಇಪ್ಪತ್ತು ಅಡಿ ಹತ್ತಿರ ಹತ್ತಿರ ಎತ್ತರದ ಶಿಲ್ಪ ಅದು, ಆರು ಇಂಚಿನ ಸ್ಕ್ರೀನಿನಲ್ಲಿ ಹೇಗೂ ಕೂರಲ್ಲ.

ನನಗೆ ಮುಂಬೈನಲ್ಲಿ ಕುಟುಂಬದ ಫೋಟೋಗೆ ಅತಿ ಇಷ್ಟವಾದ ಜಾಗ ಗೇಟ್‌ವೇ ಅಲ್ಲ, ಓವಲ್ ಮೈದಾನ. ಚರ್ಚ್‌ಗೇಟ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಮೈದಾನದ ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾಲಯ, ರಾಜಾಬಾಯಿ ಗಡಿಯಾರ ಗೋಪುರ. ಎಲ್ಲ ಹತ್ತೊಂಬತ್ತನೇ ಶತಮಾನದ ಗೋಥಿಕ್ ಕಲ್ಲಿನ ಕಟ್ಟಡಗಳು. ಪಶ್ಚಿಮಕ್ಕೆ 1930ರ ದಶಕದ ಆರ್ಟ್ ಡೆಕೋ ಮನೆಗಳ ಸಾಲು, ದುಂಡನೆ ಮೂಲೆ, ಹಡಗಿನಂಥ ಬಾಲ್ಕನಿ. ಈ ಎರಡನ್ನೂ ಸೇರಿಸಿ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿದೆ. ಫೋಟೋ ತೆಗೆಯೋರಿಗೆ ಇದರ ಅರ್ಥ ಏನು? ಬೆಳಗ್ಗೆ ಬಿಸಿಲು ಆರ್ಟ್ ಡೆಕೋ ಮನೆಗಳ ಮೇಲೆ, ಸಂಜೆ ಬಿಸಿಲು ಗೋಪುರದ ಮೇಲೆ. ಯಾವ ಹೊತ್ತಿಗೆ ಹೋದರೂ ಒಂದು ಕಡೆ ಬೆಳಕು ಇದ್ದೇ ಇರುತ್ತೆ. ಸಂಜೆ ನಾಲ್ಕೂವರೆಗೆ ಹೋಗಿ. ಮೈದಾನದ ತುಂಬ ಹುಡುಗರು ಕ್ರಿಕೆಟ್ ಆಡ್ತಿರ್ತಾರೆ, ಒಂದರ ಮೇಲೊಂದು ಪಿಚ್, ಯಾರ ಚೆಂಡು ಯಾರ ಕಡೆ ಹೋಗುತ್ತೋ ದೇವರೇ ಬಲ್ಲ. ನಿಮ್ಮ ಮಕ್ಕಳನ್ನ ಓಡೋಕೆ ಬಿಡಿ. ಅಮ್ಮನನ್ನ ಕೂರಿಸಿ. ಆ ರಾಜಾಬಾಯಿ ಗೋಪುರ ಇದೆಯಲ್ಲ, ಅದಕ್ಕೆ ದುಡ್ಡು ಕೊಟ್ಟ ವ್ಯಾಪಾರಿ ಪ್ರೇಮಚಂದ್ ರಾಯಚಂದ್ ಅದಕ್ಕೆ ತಮ್ಮ ತಾಯಿಯ ಹೆಸರಿಟ್ಟರು. ಇದನ್ನ ಅಮ್ಮನಿಗೆ ಹೇಳಿ, ಹೇಳಿದ ಮೇಲೆ ಅವರು ತಲೆಯೆತ್ತಿ ಗೋಪುರ ನೋಡ್ತಾರಲ್ಲ, ಆಗ ಫೋಟೋ ತೆಗೀರಿ. ಇಲ್ಲಿ ನೋಡಮ್ಮ, ನಗಮ್ಮ ಅಂತ ಕೂಗೋದು ಬೇಡ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಮರೀನ್ ಡ್ರೈವ್. ಡಿಸೆಂಬರಿನಲ್ಲಿ ಸೂರ್ಯ ನೈಋತ್ಯಕ್ಕೆ ಸರಿದಿರ್ತಾನೆ, ಹಾಗಾಗಿ ತೆರೆದ ಕಡಲಿಗೆ ಇಳೀತಾನೆ. ಮೇ, ಜೂನ್ ಹೊತ್ತಿಗೆ ಹೋದರೆ ಮಲಬಾರ್ ಹಿಲ್ ಕಡೆಗೆ ಮುಳುಗ್ತಾನೆ. ಸೂರ್ಯ ಮುಳುಗಿದ ತಕ್ಷಣ ಜನ ಎದ್ದು ಹೊರಡ್ತಾರೆ, ನೀವು ಹೊರಡಬೇಡಿ. ಇನ್ನೊಂದು ಇಪ್ಪತ್ತು ನಿಮಿಷ ಕೂತಿರಿ. ಆಕಾಶ ಗಾಢ ನೀಲಿಯಾಗುತ್ತೆ, ಬೀದಿದೀಪ ಹತ್ತುತ್ತೆ, ಆಗ ಆ ಬಿಲ್ಲಿನಾಕಾರದ ರಸ್ತೆಗೆ ಕ್ವೀನ್ಸ್ ನೆಕ್ಲೆಸ್ ಅಂತ ಯಾಕೆ ಹೆಸರು ಬಂತು ಅಂತ ಗೊತ್ತಾಗುತ್ತೆ. ಪೂರ್ತಿ ಹಾರ ಒಂದೇ ಚಿತ್ರದಲ್ಲಿ ಬೇಕು ಅಂದರೆ ಮಲಬಾರ್ ಹಿಲ್‌ನ ಕಮಲಾ ನೆಹರು ಪಾರ್ಕಿಗೆ ಹೋಗಬೇಕು. ಅಲ್ಲಿ ಮಕ್ಕಳಿಗೆ ಹತ್ತಿ ಇಳಿಯೋಕೆ ಒಂದು ದೊಡ್ಡ ಬೂಟಿನ ಮನೆ ಇದೆ, ಅವರು ಅದರಲ್ಲಿ ಇರೋವಷ್ಟು ಹೊತ್ತು ನಿಮಗೆ ಬಿಡುವು.

ಈಗ ಸ್ವಲ್ಪ ಗಂಭೀರ ಮಾತು. ಮರೀನ್ ಡ್ರೈವ್‌ನ ಕಟ್ಟೆಯ ಆಚೆ ನಾಲ್ಕು ಕೊಂಬಿನ ದೊಡ್ಡ ಕಾಂಕ್ರೀಟ್ ತುಂಡುಗಳನ್ನ ರಾಶಿ ಹಾಕಿದ್ದಾರೆ, ಟೆಟ್ರಾಪಾಡ್ ಅಂತಾರೆ. ಅಲೆಯ ಹೊಡೆತ ತಡೆಯೋಕೆ ಇರೋದು. ಮೇಲೆ ಪಾಚಿ, ನಡುವೆ ಆಳವಾದ ಸಂದು. ಅದರ ಮೇಲೆ ನಿಂತು ಪೋಸ್ ಕೊಡೋರನ್ನ ನೋಡ್ತೀರಿ. ನಿಮ್ಮ ಮಕ್ಕಳಿಗೂ ಆಸೆ ಆಗುತ್ತೆ. ಖಂಡಿತ ಬೇಡ. 2016ರ ಜನವರಿಯಲ್ಲಿ ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್‌ನ ಬಂಡೆ ಮೇಲೆ ಸೆಲ್ಫಿ ತೆಗೀತಿದ್ದ ಹುಡುಗಿ ನೀರುಪಾಲಾದಳು, ಉಳಿಸೋಕೆ ಧುಮುಕಿದವರೂ ಬದುಕಲಿಲ್ಲ. ಆಮೇಲೆ ಪೊಲೀಸರು ಊರಿನ ಹಲವು ಜಾಗಗಳನ್ನ ಸೆಲ್ಫಿಗೆ ಅಪಾಯ ಅಂತ ಗುರುತಿಸಿದರು. ಬಾಂದ್ರಾಗೆ ಹೋಗಬೇಡಿ ಅಂತಿಲ್ಲ, ಅಲ್ಲೇ ಹತ್ತಿರದ ಬಾಂದ್ರಾ ಕೋಟೆಯಿಂದ ಸೀ ಲಿಂಕ್ ಸೇತುವೆ ಚೆನ್ನಾಗಿ ಕಾಣುತ್ತೆ. ಮೇಲೆ ನಿಂತು ನೋಡಿ, ಕೆಳಗಿನ ಬಂಡೆಗೆ ಇಳಿಯೋದು ಬೇಡ. ಚಳಿಗಾಲದಲ್ಲಿ ಮುಂಬೈನ ಗಾಳಿ ಮಬ್ಬಾಗಿರುತ್ತೆ, ಸೇತುವೆಯ ತುದಿ ಕಾಣದೇ ಹೋದರೆ ಕ್ಯಾಮೆರಾ ಸರಿ ಇಲ್ಲ ಅಂದ್ಕೋಬೇಡಿ.

ರಾತ್ರಿ ಒಂದು ಜಾಗ ನೋಡಲೇಬೇಕು, ಸಿಎಸ್‌ಎಂಟಿ ರೈಲ್ವೆ ಸ್ಟೇಷನ್. ಹಳಬರಿಗೆ ವಿಟಿ. ಎಫ್. ಡಬ್ಲ್ಯು. ಸ್ಟೀವನ್ಸ್ ಅನ್ನೋ ವಾಸ್ತುಶಿಲ್ಪಿಯ ವಿನ್ಯಾಸ, 1878ರಲ್ಲಿ ಶುರುವಾಗಿ ಹತ್ತು ವರ್ಷ ಹಿಡೀತು. ಎದುರಿಗಿರೋ ಮಹಾನಗರಪಾಲಿಕೆ ಕಟ್ಟಡವೂ ಅವರದೇ. ಆ ಪಾಲಿಕೆ ಕಡೆಯ ಫುಟ್‌ಪಾತಿನಲ್ಲಿ ನಿಂತರೆ ಇಡೀ ಸ್ಟೇಷನ್ ಕಣ್ಣೆದುರು. ಸಂಜೆ ಕಲ್ಲಿಗೆ ಬಿಸಿಲು, ಕತ್ತಲಾದ ಮೇಲೆ ಬಣ್ಣದ ದೀಪ. ಗೇಟಿನ ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ ಕೂತಿವೆ, ಸಿಂಹ ಬ್ರಿಟನ್, ಹುಲಿ ಭಾರತ. ಮಕ್ಕಳಿಗೆ ಹುಡುಕೋಕೆ ಹೇಳಿ. ಹುಡುಕೋ ಕೆಲಸ ಕೊಟ್ಟರೆ ಅವರು ಬೇಸರ ಪಡಲ್ಲ.

ಮಹಾಲಕ್ಷ್ಮಿಯ ಧೋಬಿ ಘಾಟ್ ಬಗ್ಗೆ ತುಂಬ ಜನ ಕೇಳ್ತಾರೆ. ಸ್ಟೇಷನ್ ಪಕ್ಕದ ಸೇತುವೆಯಿಂದ ಇಡೀ ಘಾಟ್ ಕಾಣುತ್ತೆ, ಫೋಟೋ ಚೆನ್ನಾಗೇ ಬರುತ್ತೆ. ಆದರೆ ಅದು ಜನ ಬೆಳಗ್ಗಿನಿಂದ ಸೊಂಟ ಬಗ್ಗಿಸಿ ದುಡಿಯೋ ಜಾಗ, ಅವರ ಮನೆಯೂ ಹೌದು. ಮೇಲಿಂದ ಒಟ್ಟಾರೆ ನೋಟ ತೆಗೆಯೋದು ಒಂದು, ಸ್ನಾನ ಮಾಡ್ತಿರೋರನ್ನ ಜೂಮ್ ಮಾಡೋದು ಇನ್ನೊಂದು. ನಮ್ಮ ಊರಿನ ಕೆರೆ ದಂಡೆಯಲ್ಲಿ ಬಟ್ಟೆ ಒಗೆಯೋರನ್ನ ಯಾರಾದರೂ ಬಂದು ಹಾಗೆ ತೆಗೆದರೆ ಸುಮ್ಮನಿರ್ತೀವಾ? ಯಾರದ್ದೇ ಮುಖ ಹತ್ತಿರದಿಂದ ಬೇಕಾದರೆ ಕೇಳಿ. ಫೋಟೋ ಕಾಢೂ ಕಾ, ಇಷ್ಟು ಮರಾಠಿ ಸಾಕು. ಬೆಳಗಾವಿ ಕಡೆಯವರಿಗೆ ಇದನ್ನ ಹೇಳಿಕೊಡಬೇಕಿಲ್ಲ.

ಇನ್ನು ಮನೆಯವರ ಮುನಿಸು. ನನ್ನ ಲೆಕ್ಕ ಇಷ್ಟೇ, ದಿನಕ್ಕೆ ಒಂದೇ ಹೊತ್ತು ಕ್ಯಾಮೆರಾದ್ದು. ಬೆಳಗ್ಗೆ ಗೇಟ್‌ವೇ ಅಂದರೆ ಅವತ್ತು ಸಂಜೆ ಕ್ಯಾಮೆರಾ ಬ್ಯಾಗಿನಲ್ಲಿ. ಸಂಜೆ ಓವಲ್ ಮತ್ತು ಮರೀನ್ ಡ್ರೈವ್ ಅಂದರೆ ಬೆಳಗ್ಗೆ ಎಲ್ಲರೂ ಮಲಗಲಿ. ಇದನ್ನ ಹೊರಡೋ ಮುಂಚೆಯೇ ಮನೆಯಲ್ಲಿ ಹೇಳಿಬಿಡಿ. ಎಷ್ಟು ಹೊತ್ತು ಅಂತ ಗೊತ್ತಿದ್ದರೆ ಜನ ಕಾಯ್ತಾರೆ, ಗೊತ್ತಿಲ್ಲದೇ ಕಾಯೋದಕ್ಕೇ ಸಿಟ್ಟು ಬರೋದು. ಮಧ್ಯಾಹ್ನ ಹನ್ನೊಂದರಿಂದ ಮೂರರವರೆಗೆ ಹೊರಗಿನ ಬೆಳಕು ಹೇಗೂ ಪ್ರಯೋಜನಕ್ಕಿಲ್ಲ, ಆಗ ಮಾಟುಂಗಾಗೆ ಹೋಗಿ. ಉಡುಪಿ ಹೋಟೆಲುಗಳ ಬೀಡು ಅದು. ನಮ್ಮ ಕರಾವಳಿಯಿಂದ ಹೋದವರು ಮುಂಬೈಗೆ ಇಡ್ಲಿ, ದೋಸೆಯ ರುಚಿ ಹತ್ತಿಸಿದ ಕಥೆಯೇ ಬೇರೆ ಒಂದು ಎಪಿಸೋಡ್ ಆಗುತ್ತೆ. ಅಮ್ಮನಿಗೆ ಬಾಳೆಲೆ ಊಟ, ಎದುರಿಗೆ ಕನ್ನಡವೋ ತುಳುವೋ ಮಾತಾಡೋರು ಸಿಕ್ಕರೆ ಅವರ ಮುಖ ನೋಡಿ. ಕಿಟಕಿ ಪಕ್ಕದ ಟೇಬಲ್ ಹಿಡೀರಿ, ಪಕ್ಕದಿಂದ ಬರೋ ಬೆಳಕಿನಲ್ಲಿ ವಯಸ್ಸಾದವರ ಮುಖ ಬರೋ ಹಾಗೆ ಗೇಟ್‌ವೇ ಬಿಸಿಲಲ್ಲೂ ಬರಲ್ಲ.

ಒಂದು ವಿಷಯ ಮಾತ್ರ ನಾನು ಪಟ್ಟು ಹಿಡಿದು ಹೇಳ್ತೀನಿ. ನಮ್ಮ ಮನೆಯಲ್ಲಿ ಒಂದು ಹಳೇ ಆಲ್ಬಮ್ ಇದೆ. ಅಪ್ಪನ ಹತ್ತಿರ ಆಗ್ಫಾ ಕ್ಲಿಕ್ ಥ್ರೀ ಇತ್ತು, ಒಂದು ರೋಲಿಗೆ ಹನ್ನೆರಡೇ ಫೋಟೋ. ಗೋಲಗುಮ್ಮಟದ ಮುಂದೆ ನಾವಿದ್ದೀವಿ, ಜೋಗದಲ್ಲಿ ನಾವಿದ್ದೀವಿ, ಹಂಪಿಯ ರಥದ ಮುಂದೆ ಅಮ್ಮ ಸೆರಗು ಸರಿಮಾಡ್ಕೊಳ್ತಾ ನಿಂತಿದ್ದಾರೆ. ಅಪ್ಪ ಎಲ್ಲೂ ಇಲ್ಲ. ಸೂರ್ಯನನ್ನ ಬೆನ್ನಿಗಿಟ್ಟುಕೊಂಡು ತೆಗೀಬೇಕು ಅನ್ನೋದು ಆಗಿನ ನಿಯಮ, ಅದರಿಂದಾಗಿ ಹಂಪಿಯ ಫೋಟೋದ ಕೆಳಗೆ ಅಂಚಿನಲ್ಲಿ ಅವರ ನೆರಳಿನ ತಲೆ, ಎರಡು ಮೊಣಕೈ ಬಿದ್ದಿದೆ. ಅವರು ತೀರಿಕೊಂಡ ಮೇಲೆ ನಾವು ಅಣ್ಣತಮ್ಮಂದಿರು ಹುಡುಕಿದಾಗ, ಪ್ರವಾಸದಲ್ಲಿ ತೆಗೆದ ಅಪ್ಪನ ಚಿತ್ರ ಅಂತ ಸಿಕ್ಕಿದ್ದು ಅದೊಂದೇ.

ಹಾಗಾಗಿ ದಾವಣಗೆರೆಯವರೇ, ಕ್ಯಾಮೆರಾ ಮಕ್ಕಳ ಕೈಗೂ ಕೊಡಿ. ಪಟ್ಟಿ ಕುತ್ತಿಗೆಗೆ ಹಾಕಿ ಕೊಡಿ, ಬೀಳಲ್ಲ. ಹತ್ತು ವರ್ಷದ ಮಗು ತನ್ನ ಎತ್ತರದಿಂದ ತೆಗೀತದೆ, ಓರೆ ಬರುತ್ತೆ, ಅರ್ಧ ಕಾಲು ಕತ್ತರಿಸಿರುತ್ತೆ. ಇರಲಿ. ನೀವು ಮತ್ತು ನಿಮ್ಮ ತಾಯಿ ಮರೀನ್ ಡ್ರೈವ್ ಕಟ್ಟೆ ಮೇಲೆ ಕೂತು ಕಡಲೆ ತಿಂತಿರೋ ಫೋಟೋ ಇನ್ಯಾರು ತೆಗೀಬೇಕು? ಡಿಲೀಟ್ ಮಾಡೋಕೆ ಮಾತ್ರ ಅವರಿಗೆ ಬಿಡಬೇಡಿ, ರಾತ್ರಿ ಲಾಡ್ಜಿಗೆ ಬಂದ ಮೇಲೆ ಅವತ್ತಿನದನ್ನ ಅವತ್ತೇ ಇನ್ನೊಂದು ಕಡೆ ಕಾಪಿ ಮಾಡಿ. ಊರಿಗೆ ಬಂದ ಮೇಲೆ ಇಪ್ಪತ್ತು ಆರಿಸಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ.

ಇನ್ನೊಂದು, ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ, ಟಿಕೆಟ್ ಬುಕ್ ಮಾಡೋ ಮುಂಚೆ ಯಾವ ದಿನ ಎಲ್ಲಿರ್ತೀರಿ ಅಂತ ಕ್ಯಾಲೆಂಡರ್ ನೋಡ್ಕೊಳ್ಳಿ. ಗೇಟ್‌ವೇ ಒಳಗೆ ಹೋಗುವಾಗ ಬ್ಯಾಗ್ ತಪಾಸಣೆ ಇರುತ್ತೆ, ದೊಡ್ಡ ಬ್ಯಾಗ್ ರೂಮಿನಲ್ಲೇ ಬಿಡಿ. ಬೇರೆ ಊರಿನ ಬಗ್ಗೆ ಪ್ರಶ್ನೆ ಇದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.